ಮೆಷಿನ್ ನಾಟಿ ಗದ್ದೆಯಲ್ಲೇ ಊದಲು ಹುಲ್ಲು ಜಾಸ್ತಿ: ಔಷಧಿ ಬದಲಿಸಬೇಕಾ, ನಾಟಿ ಬದಲಿಸಬೇಕಾ?

ಬಾಳೆಲೆ ಗದ್ದೆ
ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಈ ಗುಂಪಲ್ಲಿ ಕಾಫಿ ರೇಟಿನ ಮಾತಿನ ಮಧ್ಯೆ ಭತ್ತದ ವಿಷಯ ತರ್ತಿದ್ದೀನಿ, ಬೇಸರ ಮಾಡ್ಕೋಬೇಡಿ. ನಮ್ಮ ಬಯಲಲ್ಲಿ ಮೇಲಿನ ಎರಡು ಮಡಿ ಕೈನಾಟಿ, ಕೆಳಗಿನದ್ದೆಲ್ಲ ಬಾಡಿಗೆ ಮೆಷಿನ್. ತಳಿ ಒಂದೇ, ತುಂಗಾ. ನೀರು ಒಂದೇ ತೋಡಿಂದ, ಗೊಬ್ಬರ ಒಂದೇ ಲೆಕ್ಕ. ಕೈನಾಟಿ ಮಡಿಗೆ ಕಳೆ ಕೀಳೋಕೆ ಒಂದೇ ಸಲ ಇಳಿದಿದ್ದು. ಮೆಷಿನ್ ನೆಟ್ಟ ಕಡೆ ಊದಲು ಹುಲ್ಲು, ಜೇಕು ಎರಡೂ ಸೇರಿ ಪೈರಿಗಿಂತ ಮೇಲೆ ಬಂದ್ಬಿಟ್ಟಿತ್ತು. ಸೆಪ್ಟೆಂಬರ್ ಮೊದಲಲ್ಲಿ ಬರೋ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೂ ಸಾಲಿನ ಮಧ್ಯೆ ನೀರು ಕಾಣ್ತಾ ಇತ್ತು ಅಂದ್ರೆ ನೋಡಿ. ಕಳೆನಾಶಕ ಎರಡೂ ಕಡೆ ಹೊಡೆದಿದ್ದೇ. ಮುಂದಿನ ಸಲ ಔಷಧಿ ಬದಲಿಸಿ ಅಂತಾರೆ ಅಂಗಡಿಯವರು. ನನಗ್ಯಾಕೋ ತಪ್ಪು ನಾಟಿಯಲ್ಲೇ ಇದೆ ಅನ್ನಿಸ್ತಿದೆ.

ಗೋಣಿಕೊಪ್ಪ ಟಿಲ್ಲರ್
ಅಣ್ಣಾ, ಗಿಡದಿಂದ ಗಿಡಕ್ಕೆ ಎಷ್ಟಕ್ಕೆ ಇಟ್ಟಿದ್ರು? ಸಾಲು ಬಿಡಿ, ಹಿಂದೆ ನಡ್ಕೊಂಡು ಹೋಗೋ ಮೆಷಿನ್‌ನಲ್ಲಿ ಅದು 30 ಸೆಂಟಿಮೀಟರ್, ಕೂಡಿಸೋಕೂ ಆಗಲ್ಲ ಕಳೆಯೋಕೂ ಆಗಲ್ಲ. ಗಿಡದ ದೂರ ಮಾತ್ರ ನಮ್ಮ ಕೈಲಿರೋದು. 12ರಿಂದ 21ರವರೆಗೆ ಇಡಬಹುದು.

ಬಾಳೆಲೆ ಗದ್ದೆ
ಆಗ ಕೇಳಿರಲಿಲ್ಲ. ಆಮೇಲೆ ಅಳೆದು ನೋಡ್ದೆ. ಸಾಲು ಒಂದಡಿ, ಗಿಡಕ್ಕೆ ಗಿಡ ಒಂದು ಗೇಣಿಗೆ ಚೂರು ಕಮ್ಮಿ.

ಗೋಣಿಕೊಪ್ಪ ಟಿಲ್ಲರ್
ಹಾಗಾದ್ರೆ 21ಕ್ಕೇ ಇಟ್ಟಿದ್ದಾರೆ. ಸಸಿ ಬೆಳೆಸೋ ಟ್ರೇ ಕಮ್ಮಿ ಸಾಕು, ಬೇಗ ಮುಗೀತದೆ, ಮುಂದಿನ ಗದ್ದೆಗೆ ಓಡಬಹುದು. ನಾನೂ ಇದೇ ಕೆಲಸದಲ್ಲಿರೋನು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಗದ್ದೆಯವರೂ "ಟ್ರೇ ಜಾಸ್ತಿ ಆಗೋದು ಬೇಡ" ಅಂತಾನೇ ಶುರು ಮಾಡ್ತಾರೆ.

ಹಸಿರೆಲೆ, ಪೊನ್ನಂಪೇಟೆ
ನಾನು ಕೃಷಿ ಓದಿದವಳು, ಮನೆಯಲ್ಲಿ ಗದ್ದೆಯೂ ಇದೆ. ಮೊದಲು ಲೆಕ್ಕ ನೋಡೋಣ, ಅರ್ಧ ಉತ್ತರ ಅಲ್ಲೇ ಇದೆ.

ಹಗ್ಗ ಹಿಡಿದು 20ಕ್ಕೆ 10 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಚದರ ಮೀಟರಿಗೆ 50 ಗುಣಿ, ಅಂದರೆ ಸಸಿ ಊರೋ ಜಾಗ. 20ಕ್ಕೆ 15 ಆದರೆ 33. ಮೆಷಿನ್‌ನಲ್ಲಿ 30ಕ್ಕೆ 12 ಇಟ್ಟರೆ ಸುಮಾರು 28, 30ಕ್ಕೆ 14 ಆದರೆ 24, ನಿಮಗೆ ಮಾಡಿದ 30ಕ್ಕೆ 21ರಲ್ಲಿ ಬರೀ 16. ನಿಮ್ಮ ಕೈನಾಟಿಯವರು 20ಕ್ಕೆ 15ರ ಹತ್ತಿರ ನೆಟ್ಟಿದ್ದಾರೆ ಅಂತ ಇಟ್ಟುಕೊಂಡರೂ ಕೆಳಗಿನ ಮಡಿಗಳಲ್ಲಿ ಗುಣಿ ಅರ್ಧಕ್ಕರ್ಧ ಕಮ್ಮಿ. ಉಳಿದ ಜಾಗದ ಬೆಳಕು, ಗೊಬ್ಬರ ಯಾರ ಪಾಲಾಯಿತು ಅಂತ ನೀವೇ ನೋಡಿದ್ದೀರಿ.

ಇನ್ನೊಂದು ವಿಷಯ. ಕೈನಾಟಿ ಸಸಿ ಇಪ್ಪತ್ತೈದು ದಿನದ ಮೇಲಾಗಿರುತ್ತೆ, ಎತ್ತರ ಇರುತ್ತೆ. ಟ್ರೇ ಸಸಿ ಹದಿನೈದು ಇಪ್ಪತ್ತು ದಿನದ್ದು, ಬೆರಳುದ್ದ. ಕೆಸರು ಮಾಡಿ ಹಲಗೆ ಹೊಡೆದ ದಿನದಿಂದಲೇ ಊದಲು ಬೀಜಕ್ಕೆ ಲೆಕ್ಕ ಶುರು. ದೊಡ್ಡ ಸಸಿ ನೆಟ್ಟರೆ ನಾವು ಮೂರು ವಾರ ಮುಂದಿರ್ತೀವಿ, ಟ್ರೇ ಸಸಿಯಲ್ಲಿ ಆ ಮುಂಗಡ ಕಡಿಮೆ. ಹಾಗಂತ ಮೆಷಿನ್ ಬೇಡ ಅಂತ ನಾನು ಹೇಳ್ತಿಲ್ಲ. ಆಳು ಎಲ್ಲಿದ್ದಾರೆ? ಆದರೆ ಮೆಷಿನ್ ನಾಟಿಯಲ್ಲಿ ನೆರಳು ಬೀಳೋದು ತಡ ಅಂತ ಗೊತ್ತಿಟ್ಟುಕೊಂಡೇ ಹೊರಡಬೇಕು.

ನೆರಳಿನ ಮಾತು ಯಾಕೆ ಅಂದರೆ, ಊದಲು ಹುಲ್ಲು ಜೋಳದ ಜಾತಿಯ ಹಾಗೆ ಬಿಸಿಲನ್ನು ಚೆನ್ನಾಗಿ ದುಡಿಸಿಕೊಳ್ಳೋ ಗಿಡ, ಸಿ4 ಅಂತಾರೆ. ಭತ್ತ ಸಿ3. ಬಯಲು ಬೆಳಕಲ್ಲಿ ಅದರ ಜೊತೆ ಓಡಿ ಭತ್ತ ಗೆಲ್ಲಲ್ಲ. ನೆರಳಲ್ಲಿ ಮಾತ್ರ ಊದಲಿನ ಆ ಅನುಕೂಲ ಹೋಗಿಬಿಡುತ್ತೆ. ಅದಕ್ಕೇ ಪೈರಿನ ಎಲೆ ಸಾಲು ಮುಚ್ಚೋದು ಎಷ್ಟು ಬೇಗ ಅನ್ನೋದು ಮುಖ್ಯ. ನಾಟಿ ಆಗಿ ನಲವತ್ತು ನಲವತ್ತೈದು ದಿನದೊಳಗೆ ಮುಚ್ಚಿದರೆ ಆಮೇಲೆ ಹುಟ್ಟೋ ಕಳೆ ಇಳುವರಿಗೆ ಅಷ್ಟೇನೂ ಹೊಡೆತ ಕೊಡಲ್ಲ.

ಹುದಿಕೇರಿ ಮಾವ
ನಮ್ಮ ಕಾಲದಲ್ಲಿ ಕಳೆ ಔಷಧಿ ಅಂತ ಕೇಳಿಯೇ ಇರಲಿಲ್ಲ. ಭತ್ತ ಸೊಂಟಕ್ಕಿಂತ ಮೇಲೆ ಬರ್ತಿತ್ತು, ಎಲೆ ಜೋತು ಬೀಳ್ತಿತ್ತು, ಗದ್ದೆಗೆ ಇಳಿದರೆ ಕಾಲು ಕಾಣ್ತಿರಲಿಲ್ಲ. ಈಗಿನ ಗಿಡ್ಡ ತಳಿ ಎಲೆ ನೆಟ್ಟಗೆ ಇಟ್ಟುಕೊಂಡು ನಿಂತಿರ್ತದೆ, ಬುಡದವರೆಗೂ ಬೆಳಕು. ಕಳೆಗೆ ಇನ್ನೇನು ಬೇಕು?

ಹಸಿರೆಲೆ, ಪೊನ್ನಂಪೇಟೆ
ಮಾವ ಹೇಳಿದ್ದು ಸರಿ. 1966ರಲ್ಲಿ ಐಆರ್-8, ಅದರ ಹಿಂದೆಯೇ ನಮ್ಮ ದೇಶದ್ದೇ ಜಯಾ ಬಂದ ಮೇಲೆ ಗಿಡ್ಡ ತಳಿಯ ಕಾಲ ಶುರುವಾಯಿತು. ಗೊಬ್ಬರ ಕೊಟ್ಟರೂ ಬೀಳದಿರಲಿ, ಕಾಳು ಜಾಸ್ತಿ ಬರಲಿ ಅಂತ ಮಾಡಿದ ತಳಿಗಳು. ಕಳೆ ಜೊತೆ ಸೆಣಸೋ ಗುಣ ಅದರಲ್ಲಿ ಕೈಬಿಟ್ಟುಹೋಯಿತು. ಆದರೆ ಎತ್ತರದ ತಳಿ ವಾಪಸ್ ತಂದರೆ ಗಾಳಿಗೆ ಮಲಗುತ್ತಲ್ಲ ಮಾವ, ಮಲಗಿದ ಭತ್ತ ಕೊಯ್ಯೋದು ಆಳಿಗೂ ಕಷ್ಟ, ಮೆಷಿನ್‌ಗೂ ಕಷ್ಟ, ಹಂದಿಗೆ ಮಾತ್ರ ಸುಲಭ. ತಳಿ ಆರಿಸುವಾಗ ಎತ್ತರಕ್ಕಿಂತ ಮೊದಲ ತಿಂಗಳ ಚುರುಕು ನೋಡಬೇಕು: ಯಾವುದು ಬೇಗ ತೆಂಡೆ (ಬುಡದಿಂದ ಕವಲು) ಒಡೆಯುತ್ತೆ, ಯಾವುದು ಎಲೆಯನ್ನು ಪಕ್ಕಕ್ಕೆ ಹರಡುತ್ತೆ. ಬೀಜದ ಚೀಟಿಯಲ್ಲಿ ಇದನ್ನು ಬರೆಯಲ್ಲ. ಅಕ್ಕಪಕ್ಕದ ಗದ್ದೆ ನೋಡಿಯೇ ತಿಳ್ಕೋಬೇಕು.

ಕಾವೇರಿ ದಂಡೆ, ಭಾಗಮಂಡಲ
ಎಲ್ಲರೂ ಸೇರಿ ಒತ್ತಾಗಿ ನೆಡಿ ಒತ್ತಾಗಿ ನೆಡಿ ಅಂತೀರಿ. ಬೆಂಕಿ ರೋಗ, ಅದೇ ಬ್ಲಾಸ್ಟ್ ಅನ್ನೋ ಶಿಲೀಂಧ್ರ ರೋಗ, ಬಂದಾಗ ಯಾರು ಬರ್ತೀರಿ? ನಮ್ಮ ಕಡೆ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಬಿಸಿಲು ಅನ್ನೋದೇ ಇಲ್ಲ, ಮಂಜು, ಜಡಿ ಮಳೆ. ಪೈರು ಒಣಗೋಕೆ ಗಾಳಿ ಆಡೋದೇ ಸಾಲಿನ ಮಧ್ಯೆ. ಅದನ್ನೂ ಮುಚ್ಚಿದ್ರೆ ಮುಗೀತು. ಊದಲಾದ್ರೆ ಕಿತ್ತು ಏರಿ ಮೇಲೆ ಹಾಕಬಹುದು, ಕುತ್ತಿಗೆ ಬೆಂಕಿ ಬಂದ ತೆನೆಯನ್ನ ಏನು ಮಾಡ್ತೀರಿ?

ಹಸಿರೆಲೆ, ಪೊನ್ನಂಪೇಟೆ
ನಿಮ್ಮ ಭಯ ಖಂಡಿತ ನ್ಯಾಯದ್ದೇ ಅಣ್ಣ. ಬೆಂಕಿ ರೋಗಕ್ಕೆ ತಳಿ ತಡೆಯುತ್ತಾ ಇಲ್ಲವಾ ಅಂತ ಪರೀಕ್ಷಿಸೋಕೆ ಪೊನ್ನಂಪೇಟೆ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿ ನೋಡ್ತಾರೆ ಅಂದ ಮೇಲೆ ಇಲ್ಲಿನ ಹವೆ ಎಂಥದ್ದು ಅಂತ ಹೇಳಬೇಕಾಗಿಲ್ಲ. ಆದರೆ ಎರಡು ವಿಷಯ ಬೇರೆ ಮಾಡಿ ನೋಡೋಣ. ಗುಣಿಗೆ ಐದಾರು ಸಸಿ ತುರುಕೋದು ಒತ್ತು, ಅದು ಬೇಡ. ಗುಣಿಗೆ ಎರಡು ಮೂರು ಸಸಿ, ಗುಣಿಗಳು ಹತ್ತಿರ ಹತ್ತಿರ, ಇದು ಬೇರೆ. ಇನ್ನು ಬೆಂಕಿ ರೋಗಕ್ಕೆ ದೊಡ್ಡ ಆಹ್ವಾನ ಯೂರಿಯಾ. ನಾಟಿ ದಿನವೇ ಸಾರಜನಕ ಸುರಿದರೆ ಆ ಪುಟ್ಟ ಬೇರಿಗೆ ಅದನ್ನು ಹೀರೋಕೂ ಆಗಲ್ಲ, ಕಳೆ ತಿನ್ನುತ್ತೆ. ಕಳೆ ಕಿತ್ತ ಮೇಲೆ, ತೆಂಡೆ ಹೊತ್ತಿಗೆ ಒಂದು ಕಂತು, ತೆನೆ ಕಟ್ಟೋ ಮೊದಲು ಒಂದು ಸಣ್ಣ ಕಂತು ಕೊಟ್ಟರೆ ಎರಡೂ ಕಡೆ ಅನುಕೂಲ.

ಆದರೂ ಭಾಗಮಂಡಲದಲ್ಲಿ 20ಕ್ಕೆ 10 ನೆಡಿ ಅಂತ ನಾನು ಹೇಳಲ್ಲ. ಬಾಳೆಲೆಗೆ 16 ಗುಣಿ ಸಾಲಲ್ಲ ಅಂತ ಮಾತ್ರ ಹೇಳ್ತೀನಿ.

ಕಾವೇರಿ ದಂಡೆ, ಭಾಗಮಂಡಲ
ಇದನ್ನ ಒಪ್ಪಬಹುದು.

ಪರ್ತ್‌ನಿಂದ ಹುಡುಗ
ನಮ್ಮ ಮನೆ ಟಿ. ಶೆಟ್ಟಿಗೇರಿ, ನಾನು ಈಗ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿ ಫಾರ್ಮ್‌ ಕಡೆ ಕೆಲಸದಲ್ಲಿದ್ದೀನಿ. ಇಲ್ಲಿ ಈ ವಿಷಯ ದಿನಾ ಮಾತಾಡ್ತಾರೆ. ರೈಗ್ರಾಸ್ ಅಂತ ಒಂದು ಹುಲ್ಲಿದೆ, 1980ರ ದಶಕದಿಂದ ಒಂದೊಂದೇ ಕಳೆನಾಶಕವನ್ನು ಅರಗಿಸಿಕೊಳ್ತಾ ಬಂತು. ಈಗ ರೈತರು ಔಷಧಿ ಬಿಟ್ಟಿಲ್ಲ, ಆದರೆ ಅದೊಂದನ್ನೇ ನಂಬೋದು ಬಿಟ್ಟಿದ್ದಾರೆ. ಬಿತ್ತನೆ ಬೀಜ ಸ್ವಲ್ಪ ಜಾಸ್ತಿ, ಸಾಲು ಸ್ವಲ್ಪ ಹತ್ತಿರ, ಗೋಧಿಗಿಂತ ಬಾರ್ಲಿ ಕಳೆಯನ್ನು ಚೆನ್ನಾಗಿ ಅದುಮುತ್ತೆ ಅಂತ ಕಳೆ ಜಾಸ್ತಿ ಇರೋ ಹೊಲಕ್ಕೆ ಬಾರ್ಲಿ, ಹೀಗೆ. ಇನ್ನೊಂದು ಮಜಾ ಅಂದ್ರೆ ಸಾಲನ್ನು ಪೂರ್ವ–ಪಶ್ಚಿಮ ಬಿತ್ತೋದು. 2010ರಲ್ಲಿ ಇಲ್ಲಿನವರು ಪ್ರಕಟಿಸಿದ ಪ್ರಯೋಗದಲ್ಲಿ ಉತ್ತರ–ದಕ್ಷಿಣ ಸಾಲಿಗೆ ಹೋಲಿಸಿದರೆ ಗೋಧಿಯಲ್ಲಿ ಕಳೆಯ ತೂಕ ಅರ್ಧದಷ್ಟು ಇಳಿದಿತ್ತು. ಒಂದು ಪೈಸೆ ಖರ್ಚಿಲ್ಲ. ನಾವೂ ಮಾಡಬಹುದಲ್ವಾ?

ಗೋಣಿಕೊಪ್ಪ ಟಿಲ್ಲರ್
ತಮ್ಮಾ, ನಮ್ಮ ಗದ್ದೆಗೆ ಪೂರ್ವ ಪಶ್ಚಿಮ ಎಲ್ಲಿಂದ ತರೋದು? ಬೆಟ್ಟ ಹೇಗೆ ಬಳುಕಿದೆಯೋ ಏರಿ ಹಾಗೆ. ನಾನು ಮೆಷಿನ್ ತಿರುಗಿಸೋಕೆ ಜಾಗ ಸಿಕ್ಕಿದ ಕಡೆ ತಿರುಗಿಸ್ತೀನಿ, ಅಷ್ಟೇ. ರಾತ್ರಿ ಆನೆ ಬಂದು ಯಾವ ದಿಕ್ಕಿಗೆ ಸಾಲು ಹಾಕ್ತದೋ ಅದು ಕೊನೆಗೆ ಲೆಕ್ಕ.

ಹಸಿರೆಲೆ, ಪೊನ್ನಂಪೇಟೆ
ಇಲ್ಲಿ ಅದು ಕೆಲಸ ಮಾಡಲ್ಲ, ಕಾರಣ ಏರಿ ಅಲ್ಲ, ಸೂರ್ಯ. ಅಲ್ಲಿ ಗೋಧಿ ಬೆಳೆಯೋದು ಚಳಿಗಾಲದಲ್ಲಿ, ಸೂರ್ಯ ಉತ್ತರದ ಕಡೆ ತಗ್ಗಿ ಹೋಗ್ತಾನೆ. ಸಾಲು ಅಡ್ಡ ಇದ್ದರೆ ಇಡೀ ದಿನ ನೆರಳು ಪಕ್ಕದ ಸಾಲಿನ ಮಧ್ಯಕ್ಕೇ ಬೀಳುತ್ತೆ. ಕೊಡಗು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶ. ಆಗಸ್ಟ್ ಮೂರನೇ ವಾರದ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಅದೂ ಮೋಡದಾಚೆ. ಮೋಡ ಇದ್ದಾಗ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುತ್ತೆ, ದಿಕ್ಕಿಗೆ ಅರ್ಥವೇ ಇಲ್ಲ. ಗೋಧಿಯವರ ಪೂರ್ವ–ಪಶ್ಚಿಮ ಗೋಧಿಯವರಿಗೇ ಇರಲಿ, ಅವರ "ಜಾಗ ಖಾಲಿ ಬಿಡಬೇಡ" ಅನ್ನೋದನ್ನು ನಾವು ತಗೊಳ್ಳೋಣ.

ಔಷಧಿ ಅರಗಿಸಿಕೊಳ್ಳೋ ಕಥೆಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕಾಗಿಲ್ಲ. ಪಂಜಾಬ್, ಹರಿಯಾಣದ ಗೋಧಿಯಲ್ಲಿ ಗುಲ್ಲಿ ಡಂಡಾ ಅನ್ನೋ ಹುಲ್ಲು 1990ರ ದಶಕದ ಮೊದಲಲ್ಲೇ ಐಸೋಪ್ರೊಟ್ಯೂರಾನ್ ಅನ್ನೋ ಕಳೆನಾಶಕಕ್ಕೆ ಸಾಯೋದು ನಿಲ್ಲಿಸಿತು. ಪ್ರತಿ ವರ್ಷ ಒಂದೇ ಔಷಧಿ ಹೊಡೆದಿದ್ದರ ಫಲ.

ಮೂರ್ನಾಡು ಅಕ್ಕ
ನಮ್ಮಲ್ಲಿ ಔಷಧಿ ಅರಗಿಸಿಕೊಳ್ಳೋ ಮೊದಲೇ ಮಳೆ ತೊಳ್ಕೊಂಡು ಹೋಗ್ತದೆ. ನಾಟಿ ಆದ ಮೂರ್ನಾಲ್ಕು ದಿನದಲ್ಲಿ ಮರಳಲ್ಲಿ ಬೆರೆಸಿ ಎರಚೋ ಪ್ರೆಟಿಲಾಕ್ಲೋರ್ ಅಂಥದ್ದು ಏರಿ ದಾಟಿ ಕೆಳಗಿನವರ ಗದ್ದೆಗೆ ಹೋಯ್ತು. ಬಿಸ್‌ಪೈರಿಬ್ಯಾಕ್ ಹೊಡೆಯೋಕೆ ಕಳೆ ಎರಡರಿಂದ ನಾಲ್ಕು ಎಲೆಯಲ್ಲಿರಬೇಕು, ನೀರು ಬಸಿದಿರಬೇಕು, ಹೊಡೆದ ಮೇಲೆ ಮಳೆ ಬಾರದೆ ಎಲೆ ಒಣಗಬೇಕು, ಆಮೇಲೆ ಎರಡು ದಿನದೊಳಗೆ ಮತ್ತೆ ನೀರು ಕಟ್ಟಬೇಕು. ಜುಲೈ ಆಗಸ್ಟ್‌ನಲ್ಲಿ ಇಷ್ಟೆಲ್ಲ ಕೂಡಿ ಬರೋ ದಿನ ಹುಡುಕೋದು ಮದುವೆ ಮುಹೂರ್ತ ಹುಡುಕಿದ ಹಾಗೆ. ಅಷ್ಟರಲ್ಲಿ ಊದಲು ಕಾಳು ಕಟ್ಟೋ ವಯಸ್ಸಿಗೆ ಬಂದಿರ್ತದೆ.

ನಾನು ಹೇಳೋದೊಂದೇ, ಗದ್ದೆ ಸಮ ಮಾಡಿ. ದಿಬ್ಬ ಇದ್ದ ಕಡೆ ನೀರು ನಿಲ್ಲಲ್ಲ, ಊದಲು ಅಲ್ಲೇ ಮೊಳೆಯೋದು. ಎರಡರಿಂದ ಐದು ಸೆಂಟಿಮೀಟರ್ ನೀರು ಸಮನಾಗಿ ನಿಂತರೆ ಹುಲ್ಲಿನ ಬೀಜ ಮೇಲೇಳೋದೇ ಕಮ್ಮಿ. ನೀರಲ್ಲೇ ಬೆಳೆಯೋ ಅಗಲ ಎಲೆಯವು ಬರ್ತವೆ, ಅದನ್ನ ಕೈಯಲ್ಲಿ ಕೀಳೋದು ಸುಲಭ.

ಹುದಿಕೇರಿ ಮಾವ
ಮತ್ತೆ ಏಡಿ. ಏರಿಗೆ ತೂತು ಕೊರೆದು ನೀರು ಬಿಡ್ತದೆ, ಸಸಿ ಕತ್ತರಿಸ್ತದೆ. ಗದ್ದೆಯಲ್ಲಿ ಖಾಲಿ ಜಾಗ ಮೊದಲು ಮಾಡೋದು ಅದೇ. ಹಿಂದೆ ಮಕ್ಕಳು ಹಿಡಿದು ಸಾರಿಗೆ ತರ್ತಿದ್ದರು, ಈಗಿನ ಮಕ್ಕಳಿಗೆ ಕೆಸರೇ ಆಗಲ್ಲ. ನಾಟಿ ಆಗಿ ಒಂದು ವಾರ ಹತ್ತು ದಿನದೊಳಗೆ ಸುತ್ತು ಹಾಕಿ ಖಾಲಿ ಗುಣಿಗೆ ಸಸಿ ಊರಿ. ಅದಕ್ಕೆ ಅಂತ ಏರಿ ಬದಿಯಲ್ಲಿ ಒಂದು ಕಟ್ಟು ಸಸಿ ಉಳಿಸಿಕೊಳ್ಳಿ. ತಡ ಮಾಡಿ ಊರಿದರೆ ಪ್ರಯೋಜನ ಇಲ್ಲ, ಪಕ್ಕದ ಪೈರು ಅದನ್ನು ಬೆಳೆಯೋಕೆ ಬಿಡಲ್ಲ.

ಶಿರಂಗಾಲ ಜೋಳ
ನಮ್ಮ ಕುಶಾಲನಗರ ಕಡೆಯ ಮುಸುಕಿನ ಜೋಳದವರಿಗೂ ಸ್ವಲ್ಪ ಹೇಳಿ. ನಾವು 60ಕ್ಕೆ 30 ಹಾಕ್ತೀವಿ. ಮೊದಲ ತಿಂಗಳು ಜೋಳ ಮೇಲೇಳೋ ಮೊದಲೇ ಎರಡು ಸಾಲಿನ ಮಧ್ಯೆ ಹುಲ್ಲುಗಾವಲು.

ಹಸಿರೆಲೆ, ಪೊನ್ನಂಪೇಟೆ
60ಕ್ಕೆ 20 ಮಾಡಿದರೆ ಚದರ ಮೀಟರಿಗೆ ಐದೂವರೆ ಗಿಡ ಇದ್ದದ್ದು ಎಂಟರ ಮೇಲೆ ಹೋಗುತ್ತೆ. ನೀರು, ಗೊಬ್ಬರ ಇದ್ದ ಕಡೆ ಮಾತ್ರ. ಮಳೆ ನಂಬಿದ ಕೆಂಪು ದಿಣ್ಣೆಯಲ್ಲಿ ಅಷ್ಟು ಒತ್ತು ಮಾಡಿದರೆ ತೆನೆ ಸಣ್ಣದಾಗುತ್ತೆ. ಅಲ್ಲಿ ಸಾಲಿನ ಮಧ್ಯೆ ಅಲಸಂದೆ ಹಾಕಿ ನೆಲ ಮುಚ್ಚೋದು ವಾಸಿ. ಒಂದು ಎಚ್ಚರ: ಅಟ್ರಾಜಿನ್ ಕಳೆನಾಶಕ ಹೊಡೆದ ನೆಲದಲ್ಲಿ ಅಲಸಂದೆ, ಅವರೆ ಉಳಿಯಲ್ಲ. ದ್ವಿದಳ ಹಾಕೋದಾದರೆ ಪೆಂಡಿಮೆಥಾಲಿನ್‌ಗೆ ಹೋಗಬೇಕು, ಇಲ್ಲವೇ ಕುಂಟೆ ಹೊಡೆದು ಮಣ್ಣು ಏರಿಸಬೇಕು.

ಶಿರಂಗಾಲ ಜೋಳ
ಅಟ್ರಾಜಿನ್ ವಿಷಯ ಗೊತ್ತಿರಲಿಲ್ಲ ಅಕ್ಕ. ಪಕ್ಕದ ಮನೆಯವರ ಅಲಸಂದೆ ಹುಟ್ಟಿ ಹಳದಿಯಾಗಿ ಹೋಗಿದ್ದು ಯಾಕೆ ಅಂತ ಈಗ ಅರ್ಥ ಆಯ್ತು. ಬೀಜ ಕೆಟ್ಟದ್ದು ಅಂತ ಬೈತಾ ಇದ್ದರು.

ಬಾಳೆಲೆ ಗದ್ದೆ
ಭತ್ತಕ್ಕೆ ವಾಪಸ್ ಬರೋಣ. ಶ್ರೀ ಪದ್ಧತಿಯವರು 25ಕ್ಕೆ 25 ದೂರದಲ್ಲಿ ಒಂದೊಂದೇ ಸಸಿ ನೆಡಿ ಅಂತ ತರಬೇತಿ ಕೊಡ್ತಾರಲ್ಲ. ಅದೂ ಚದರ ಮೀಟರಿಗೆ 16 ಗುಣಿ. ಅವರದ್ದು ಸರಿ, ನಮ್ಮದು ತಪ್ಪು ಹೇಗಾಗ್ತದೆ?

ಹಸಿರೆಲೆ, ಪೊನ್ನಂಪೇಟೆ
ಒಳ್ಳೆ ಪ್ರಶ್ನೆ. ಶ್ರೀ ಪದ್ಧತಿಯಲ್ಲಿ ಆ ಖಾಲಿ ಜಾಗ ಕೋನೋವೀಡರ್ (ಕೈಯಲ್ಲಿ ತಳ್ಳೋ ಕಳೆ ಯಂತ್ರ) ಓಡಿಸೋಕೆ ಅಂತಲೇ ಬಿಡೋದು. ನಾಟಿಯಾದ ಹತ್ತು ಹನ್ನೆರಡು ದಿನಕ್ಕೆ ಶುರು ಮಾಡಿ, ಹತ್ತು ದಿನಕ್ಕೊಮ್ಮೆ ಎರಡೂ ದಿಕ್ಕಲ್ಲಿ ಓಡಿಸ್ತಾರೆ. ಅಲ್ಲಿ ಕಳೆ ತಡೆಯೋದು ವೀಡರ್, ಪೈರಲ್ಲ. ವೀಡರ್ ಓಡಿಸದೆ ಅಂತರ ಮಾತ್ರ ಶ್ರೀ ಪದ್ಧತಿಯದ್ದು ಇಟ್ಟರೆ ನಿಮ್ಮ ಗದ್ದೆಯ ಹಾಗೆ ಆಗುತ್ತೆ. ನಿಮ್ಮ 30 ಸೆಂಟಿಮೀಟರ್ ಸಾಲಿನಲ್ಲೂ ವೀಡರ್ ಸಲೀಸಾಗಿ ಹೋಗುತ್ತೆ, ಮೆಷಿನ್ ನಾಟಿಯ ದೊಡ್ಡ ಲಾಭವೇ ಅದು, ಸಾಲು ನೇರ ಇರುತ್ತೆ. ಸಾಲಿನ ಮಧ್ಯೆ ವೀಡರ್, ಸಾಲಿನೊಳಗೆ ಹತ್ತಿರದ ಗುಣಿಗಳ ನೆರಳು. ಎರಡು ಸಲ ಓಡಿಸಿದರೆ ಸಾಕಾಗಬಹುದು, ಅಷ್ಟರಲ್ಲಿ ಎಲೆ ಕೂಡಿಕೊಳ್ಳುತ್ತೆ. ವೀಡರ್ ಮುಟ್ಟದ ಜಾಗ ಗುಣಿ–ಗುಣಿ ನಡುವಿನದ್ದು, ಅಲ್ಲಿ 21 ಬಿಟ್ಟರೆ ಊದಲಿಗೆ ಮನೆ ಕಟ್ಟಿಕೊಟ್ಟಂತೆ.

ಗೋಣಿಕೊಪ್ಪ ಟಿಲ್ಲರ್
14ಕ್ಕೆ ಇಡಿಸಿ ಅಣ್ಣ. 12 ಆದ್ರೆ ಟ್ರೇ ತುಂಬಾ ಬೇಕು, ಸಸಿ ನಡುವಲ್ಲೇ ಮುಗಿದು ಮೂಲೆ ಖಾಲಿ ಬಿಡ್ಬೇಕಾಗ್ತದೆ. 18ರಿಂದ 14ಕ್ಕೆ ಬಂದರೆ ಟ್ರೇ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ ಜಾಸ್ತಿ ಬೇಕು, 21ರಿಂದ ಬಂದರೆ ಒಂದೂವರೆ ಪಟ್ಟು. ಅದನ್ನ ಸಸಿ ಮಡಿ ಹಾಕೋ ದಿನವೇ ಲೆಕ್ಕ ಹಾಕ್ಬೇಕು, ನಾಟಿ ದಿನ ನನ್ನ ಹತ್ರ ಜಗಳ ಮಾಡಿದ್ರೆ ಸಸಿ ಹುಟ್ಟಲ್ಲ.

ಇನ್ನೊಂದು, ಟ್ರೇಯಲ್ಲಿ ಬೀಜ ವಿರಳ ಇದ್ರೆ ಮೆಷಿನ್ ಬೆರಳಿಗೆ ಸಸಿ ಸಿಗಲ್ಲ, ಗುಣಿ ಖಾಲಿ ಬೀಳ್ತದೆ. ಟ್ರೇಗೆ 100ರಿಂದ 120 ಗ್ರಾಂ ಒಣ ಬೀಜ, ಸಮನಾಗಿ ಹರಡ್ಬೇಕು. ಅದರ ಮೇಲೆ ಹೋದ್ರೆ ಸಸಿ ದಾರದ ಹಾಗೆ ಸಣಕಲು.

ಮೂರ್ನಾಡು ಅಕ್ಕ
ಬೀಜ ಉಪ್ಪು ನೀರಿಗೆ ಹಾಕಿ ಜೊಳ್ಳು ತೆಗೀರಿ. ಕೋಳಿಮೊಟ್ಟೆ ತೇಲೋಷ್ಟು ಉಪ್ಪು. ತೇಲಿದ್ದನ್ನು ತೆಗೆದು, ಮುಳುಗಿದ ಗಟ್ಟಿ ಬೀಜವನ್ನು ಎರಡು ಮೂರು ಸಲ ಒಳ್ಳೆ ನೀರಲ್ಲಿ ತೊಳೀರಿ. ಗಟ್ಟಿ ಕಾಳಿನ ಸಸಿ ಮೊದಲ ವಾರದಿಂದಲೇ ಬೇರೆ ಥರ ಇರ್ತದೆ. ಹಗುರ ಇರೋ ಕಳೆ ಬೀಜವೂ ತುಂಬಾ ಮಟ್ಟಿಗೆ ತೇಲಿ ಹೋಗ್ತದೆ.

ಕಾವೇರಿ ದಂಡೆ, ಭಾಗಮಂಡಲ
ಪಾಳು ಬಿಟ್ಟ ಗದ್ದೆಗಳ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮೇಲಿನ ಗದ್ದೆಯವರು ಬೆಂಗಳೂರಲ್ಲಿದ್ದಾರೆ. ಅಲ್ಲಿ ಊದಲು, ಜೇಕು ಕಾಳು ಕಟ್ಟಿ ಉದುರಿದ್ದೆಲ್ಲ ನೀರಲ್ಲಿ ತೇಲಿ ನಮ್ಮ ಗದ್ದೆಗೇ ಬರ್ತದೆ. ನಾನು ಎಷ್ಟು ಹತ್ತಿರ ನೆಟ್ಟರೇನು?

ಹುದಿಕೇರಿ ಮಾವ
ಅದಕ್ಕೆ ತಡೆ ಏಪ್ರಿಲ್–ಮೇಯಲ್ಲಿ. ಕಾಫಿ ಹೂ ಅರಳಿಸೋ ಹೂಮಳೆ ಆದ ಮೇಲೆ ಎರಡು ಒಳ್ಳೆ ಮಳೆ ಬಿದ್ದರೆ ಬಂದ ಬೀಜ ಮೊಳೆಯುತ್ತೆ. ಆಗ ಒಂದು ಸಲ ಉತ್ತು, ಮತ್ತೆ ಮೊಳೆಯೋಕೆ ಬಿಟ್ಟು ಇನ್ನೊಂದು ಸಲ ಉಳಬೇಕು. ಕಾಫಿ ಕೆಲಸ ಮುಗೀಲಿ ಅಂತ ಕಾದರೆ ಮಳೆಗಾಲ ಬಂದೇ ಬಿಡ್ತದೆ. ಮತ್ತೆ ನೀರು ಬರೋ ಬಾಯಿಗೆ ಒಂದು ಹಳೆ ಬಲೆ ಕಟ್ಟಿ, ತೇಲಿ ಬರೋದು ಸ್ವಲ್ಪವಾದರೂ ನಿಲ್ತದೆ.

ಊದಲು ಭತ್ತದ ಒಳಗೆ ಸೇರಿಕೊಂಡರೆ ಗುರುತು ಹಿಡಿಯೋದು ಹೇಗೆ ಅಂತ ಹೊಸ ಆಳುಗಳಿಗೆ ಹೇಳಿಕೊಡಿ. ಭತ್ತದ ಎಲೆ ದಂಟಿಗೆ ಸೇರೋ ಕಡೆ ಸಣ್ಣ ಬಿಳಿ ಪೊರೆ ಇರ್ತದೆ. ಊದಲಿಗೆ ಅದು ಇಲ್ಲ, ನುಣ್ಣಗೆ. ತೆನೆ ಬರೋವರೆಗೆ ಕಾದರೆ ಅದು ಭತ್ತಕ್ಕಿಂತ ಮೊದಲೇ ಮಾಗಿ ಸಾವಿರಾರು ಕಾಳು ಉದುರಿಸಿ, ಹುತ್ತರಿಗೆ ನಾವು ಕದಿರು ತೆಗೆಯೋ ಹೊತ್ತಿಗೆ ತನ್ನ ಕೆಲಸ ಮುಗಿಸಿರ್ತದೆ.

ಬಾಳೆಲೆ ಗದ್ದೆ
ಎಲ್ಲರಿಗೂ ಉಪಕಾರ. ಈ ಸಲ ಹೀಗೆ ಮಾಡ್ತೀನಿ: ಮೇ ತಿಂಗಳಲ್ಲಿ ಎರಡು ಉಳುಮೆ. ಕೆಳಗಿನ ಮಡಿಗಳಿಗೆ 30ಕ್ಕೆ 14, ಒಂದು ಮಡಿಯನ್ನು ಮಾತ್ರ ಬೇಕಂತಲೇ 18ರಲ್ಲಿ ಬಿಡ್ತೀನಿ, ಹೋಲಿಸಿ ನೋಡೋಕೆ. ಎರಡು ಸಲ ವೀಡರ್. ಯೂರಿಯಾ ಮೊದಲ ವೀಡರ್ ಓಡಿಸಿದ ಮೇಲೇ. ಔಷಧಿ, ಹವಾಮಾನ ನೋಡಿ, ಬೇಕೇ ಬೇಕಾದ ಮಡಿಗೆ ಮಾತ್ರ.

ಕಾವೇರಿ ದಂಡೆ, ಭಾಗಮಂಡಲ
18ರ ಮಡಿಯಲ್ಲಿ ಬೆಂಕಿ ರೋಗ ಎಷ್ಟು, 14ರಲ್ಲಿ ಎಷ್ಟು ಅಂತನೂ ಬರೀಬೇಕು. ಕಳೆ ಲೆಕ್ಕ ಮಾತ್ರ ಕೊಟ್ಟು ಕೂತ್ಕೋಬೇಡಿ.

ಬಾಳೆಲೆ ಗದ್ದೆ
ಬರೀತೀನಿ ಅಣ್ಣ. ಟಿಲ್ಲರ್ ಅಣ್ಣಾ, ಎಕರೆಗೆ ಎಷ್ಟು ಟ್ರೇ ಹಾಕ್ಲಿ?

ಗೋಣಿಕೊಪ್ಪ ಟಿಲ್ಲರ್
14ಕ್ಕಾದ್ರೆ 100 ಹಾಕಿ, ಮೇಲೆ ಹತ್ತು ಇರ್ಲಿ, ಏಡಿಗೆ. ಜುಲೈ ಮೊದಲ ವಾರ ಫೋನ್ ಮಾಡಿ, ಆಮೇಲೆ ಮಾಡಿದ್ರೆ ನಾನು ಕುಟ್ಟ ಕಡೆ ಇರ್ತೀನಿ.